‘ಸ್ಟೆಪ್ನಿ ಡಿಕ್ಕಿಯಲ್ಲಿದೆ’

ಪ್ರಶ್ನೆ: ನಾನು ಟ್ಯಾಕ್ಸಿ ಓಡಿಸುತ್ತೇನೆ. ಇಂಗ್ಲೆಂಡಿನಿಂದ ಬಂದಿದ್ದ ದಂಪತಿಯನ್ನು ಬೇಲೂರಿಗೆ ಕರೆದೊಯ್ಯುವಾಗ ಟೈರ್ ಪಂಚರ್ ಆಯಿತು. ‘ಸ್ಟೆಪ್ನಿ ಇನ್ ಡಿಕ್ಕಿ ಸರ್’ ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ. ಕಾಲೇಜಿಗೆ ಹೋಗುವ ಮಗಳು ‘ಅಪ್ಪಾ, ಅದು ಇಂಗ್ಲಿಷೇ ಅಲ್ಲ’ ಅನ್ನುತ್ತಾಳೆ. ಹೌದಾ ಮೇಡಂ?
– ಒಬ್ಬ ಓದುಗರು, ಹಾಸನ

ಉತ್ತರ: ಎರಡೂ ಇಂಗ್ಲಿಷೇ ಸರ್. ಆ ದಂಪತಿಯ ಮುತ್ತಜ್ಜ ನಿಮ್ಮ ಕಾರಿನಲ್ಲಿದ್ದಿದ್ದರೆ ಬಹುಶಃ ತಕ್ಷಣ ತಿಳಿಯುತ್ತಿತ್ತು.

ಮೊದಮೊದಲ ಕಾರುಗಳಿಗೆ ಬದಲಿ ಚಕ್ರ ಇರುತ್ತಿರಲಿಲ್ಲ. ರಸ್ತೆ ತುಂಬ ಕುದುರೆ ಲಾಳದ ಮೊಳೆಗಳು. ಪಂಚರ್ ಆದರೆ ದಾರಿಯಲ್ಲೇ ಕೂತು ಟೈರ್ ಬಿಚ್ಚಿ, ಪ್ಯಾಚ್ ಹಾಕಿ, ಗಾಳಿ ತುಂಬಬೇಕು. 1904ರಲ್ಲಿ ವೇಲ್ಸ್‌ನ ಲನೆಲ್ಲಿ ಊರಿನ ಡೇವಿಸ್ ಸಹೋದರರು ಇದಕ್ಕೊಂದು ಉಪಾಯ ಹುಡುಕಿದರು. ಸ್ಪೋಕ್ಸ್ ಇಲ್ಲದ ಬರೀ ರಿಮ್, ಅದರ ಮೇಲೆ ಗಾಳಿ ತುಂಬಿದ ಟೈರು. ಪಂಚರ್ ಆದ ಚಕ್ರವನ್ನು ಕಳಚುವುದೇ ಬೇಡ. ಅದರ ಪಕ್ಕಕ್ಕೆ ಇದನ್ನು ಬಿಗಿದು ಹೊರಟರಾಯಿತು! ಆ ಊರಿನ ಸ್ಟೆಪ್ನಿ ಸ್ಟ್ರೀಟ್‌ನ ಹೆಸರೇ ಚಕ್ರಕ್ಕೆ ಬಂತು. ಲಂಡನ್ನಿನ ಟ್ಯಾಕ್ಸಿಗಳೂ ಅದನ್ನು ಬಳಸಿದವು. ಮುಂದೆ ಇಡೀ ಚಕ್ರವನ್ನೇ ಬದಲಿಸುವ ಕಾರುಗಳು ಬಂದವು, ಆ ವಸ್ತುವಿನ ಜೊತೆ ಹೆಸರೂ ಅಲ್ಲಿ ಮರೆತುಹೋಯಿತು. ನಮ್ಮ ಡ್ರೈವರುಗಳು ಮಾತ್ರ ಬಿಡಲಿಲ್ಲ. ಬ್ರೆಜಿಲ್‌ನಲ್ಲೂ ಬದಲಿ ಚಕ್ರಕ್ಕೆ ಇಂದಿಗೂ ‘ಎಸ್ತೆಪಿ’ ಅನ್ನುತ್ತಾರೆ. ಅದೇ ಪದ.

ಡಿಕ್ಕಿ ಇನ್ನೂ ಹಳೆಯದು. ಕುದುರೆ ಗಾಡಿಯಲ್ಲಿ ಚಾಲಕನೋ ಆಳೋ ಕೂರುವ ಹೊರಗಿನ ಸೀಟು ‘ಡಿಕಿ’. ಆಮೇಲೆ ಕಾರಿನ ಹಿಂಭಾಗದಲ್ಲಿ ಬಿಚ್ಚಿ ಕೂರುವ ಸೀಟಿಗೂ ಅದೇ ಹೆಸರು. ಸೀಟು ಹೋಗಿ ಸಾಮಾನು ಇಡುವ ಜಾಗ ಉಳಿಯಿತು. ಅವರು ಅದನ್ನು ‘ಬೂಟ್’ ಎಂದರು, ನಾವು ಹಳೆಯ ಹೆಸರನ್ನೇ ಇಟ್ಟುಕೊಂಡೆವು. ಅಂದ ಹಾಗೆ, ಟಗರು ಡಿಕ್ಕಿ ಹೊಡೆಯುತ್ತದಲ್ಲ, ಆ ಡಿಕ್ಕಿ ನಮ್ಮದೇ ಪದ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ನನ್ನ ತಂದೆ ಲಾರಿ ಓಡಿಸುತ್ತಿದ್ದರು. ಹೊರಡುವ ಮುಂಚೆ ಕ್ಲೀನರ್‌ಗೆ ‘ಸ್ಟೆಪ್ನಿ ಗಾಳಿ ನೋಡ್ದೇನೋ?’ ಎಂದು ಕೇಳದ ದಿನವಿಲ್ಲ. ಬಿ.ಎ. ಓದುವಾಗ ನಾನೂ ನಿಮ್ಮ ಮಗಳ ಹಾಗೇ ‘ಅದು ಸ್ಪೇರ್ ವೀಲ್ ಅಪ್ಪಾ’ ಎಂದು ತಿದ್ದಿದೆ. ಅವರು ಸುಮ್ಮನಾದರು. ನನ್ನ ಮುಂದೆ ಮತ್ತೆ ಆ ಪದ ಆಡಲಿಲ್ಲ. ಲನೆಲ್ಲಿಯ ವಿಷಯ ನನಗೆ ತಿಳಿಯುವಷ್ಟರಲ್ಲಿ ಅವರು ಇರಲಿಲ್ಲ. ದಯವಿಟ್ಟು ಈ ಪುಟವನ್ನು ಮಗಳಿಗೆ ತೋರಿಸಿ. ವಿದೇಶದ ಪ್ರಯಾಣಿಕರಿಗೆ ‘ಸ್ಪೇರ್ ವೀಲ್’, ‘ಬೂಟ್’ ಅನ್ನಿ, ಅವರಿಗೆ ಅರ್ಥವಾಗಲಿ ಅಂತ ಅಷ್ಟೆ.

ಪ್ರಶ್ನೆ: ಎರಡು ವಾರಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಫೋರ್ಟ್‌ನೈಟ್’ನಲ್ಲಿ ಕೋಟೆ (ಫೋರ್ಟ್) ಎಲ್ಲಿಂದ ಬಂತು?
– ಒಬ್ಬ ವಿದ್ಯಾರ್ಥಿನಿ, ಶಿರಸಿ

ಉತ್ತರ: ಕೋಟೆ ಇಲ್ಲಮ್ಮ. ‘ಹದಿನಾಲ್ಕು ರಾತ್ರಿ’ ಎಂಬುದು ಇಂಗ್ಲಿಷಿನಲ್ಲಿ ಸವೆದು ಹಾಗಾಗಿದೆ. ಹಿಂದೆ ಅವರು ರಾತ್ರಿಗಳನ್ನೂ ಎಣಿಸುತ್ತಿದ್ದರು. ಏಳು ರಾತ್ರಿಗೆ ‘ಸೆನೈಟ್’ ಎಂಬ ಪದವಿತ್ತು. ‘ವೀಕ್’ ಉಳಿಯಿತು, ಅದು ಹೋಯಿತು.