ಕಂದು ಕೋಟು ಹಾಕಿದ ಆ ಹಕ್ಕಿಗಳು ಯಾವುವು?

ಪ್ರಶ್ನೆ: ದಕ್ಷಿಣ ಅಟ್ಲಾಂಟಿಕ್ ಸಾಗರದ ದಕ್ಷಿಣ ಜಾರ್ಜಿಯಾ ದ್ವೀಪದ ಸೇಂಟ್ ಆಂಡ್ರ್ಯೂಸ್ ಕೊಲ್ಲಿಯ ಫೋಟೋ ನೋಡಿದೆ. ರಾಶಿ ರಾಶಿ ಪೆಂಗ್ವಿನ್‌ಗಳ ನಡುವೆ ಕಂದು ಬಣ್ಣದ, ತುಪ್ಪುಳ ತುಂಬಿದ ದಪ್ಪ ಹಕ್ಕಿಗಳೂ ಇವೆ. ಅವು ಬೇರೆ ಜಾತಿಯವಾ? ಪಕ್ಕದಲ್ಲೇ ಹಸಿರು ಹುಲ್ಲಿದೆ. ಇದು ನಿಜಕ್ಕೂ ಅಂಟಾರ್ಕ್ಟಿಕಾನಾ?

ಉತ್ತರ: ಬೇರೆ ಜಾತಿ ಅಲ್ಲ, ಅವು ಅದೇ ಕಿಂಗ್ ಪೆಂಗ್ವಿನ್‌ಗಳ ಮರಿಗಳು. ನೀವು ಮೋಸ ಹೋಗಿದ್ದರಲ್ಲಿ ತಪ್ಪೇನಿಲ್ಲ. ಹಿಂದೆ ಅಲ್ಲಿಗೆ ಹೋದ ನಾವಿಕರೂ ಇವನ್ನು 'ಉಣ್ಣೆ ಪೆಂಗ್ವಿನ್' ಎಂಬ ಬೇರೆಯೇ ಹಕ್ಕಿ ಅಂದುಕೊಂಡಿದ್ದರು. ಮರಿ ಕೆಲವೊಮ್ಮೆ ತಾಯಿಯಷ್ಟೇ ದಪ್ಪ ಕಾಣುತ್ತದೆ, ಬಣ್ಣವೂ ಬೇರೆ.

ಈ ಪೆಂಗ್ವಿನ್ ಗೂಡು ಕಟ್ಟುವುದಿಲ್ಲ. ಇಡುವುದು ಒಂದೇ ಮೊಟ್ಟೆ. ಅದನ್ನು ಪಾದಗಳ ಮೇಲಿಟ್ಟುಕೊಂಡು, ಹೊಟ್ಟೆಯ ಚರ್ಮದ ಮಡಿಕೆಯನ್ನು ಮೇಲೆ ಹೊದಿಸಿ, ಗಂಡು ಹೆಣ್ಣು ಸರದಿಯಂತೆ ಸುಮಾರು 54 ದಿನ ಕಾವು ಕೊಡುತ್ತವೆ. ಒಂದು ಮರಿಯನ್ನು ದೊಡ್ಡದು ಮಾಡಲು ವರ್ಷಕ್ಕಿಂತ ಜಾಸ್ತಿ ಬೇಕು, ಹಾಗಾಗಿ ಮೂರು ವರ್ಷಕ್ಕೆ ಎರಡು ಮರಿ ಬೆಳೆದರೆ ಅದೇ ದೊಡ್ಡದು. ಚಳಿಗಾಲದಲ್ಲಿ ಮೀನು ಹುಡುಕಿಕೊಂಡು ಅಪ್ಪ ಅಮ್ಮ ದೂರ ಹೋಗುತ್ತಾರೆ. ಮರಿಗಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಪವಾಸ ಇದ್ದು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಆ ಕಂದು ತುಪ್ಪುಳ ಚಳಿ ತಡೆಯುತ್ತದೆ, ನೀರು ತಡೆಯುವುದಿಲ್ಲ. ಅದು ಉದುರಿ ಪುಕ್ಕ ಬರುವ ತನಕ ಮರಿ ತಾನೇ ಕಡಲಿಗಿಳಿದು ಮೀನು ಹಿಡಿಯುವಂತಿಲ್ಲ. ಅದಕ್ಕೇ ಈ ಕೊಲ್ಲಿ ವರ್ಷವಿಡೀ ಖಾಲಿ ಆಗುವುದೇ ಇಲ್ಲ. ಇಲ್ಲಿ ಸುಮಾರು ಒಂದೂವರೆ ಲಕ್ಷ ಜೋಡಿಗಳಿವೆ ಎನ್ನುತ್ತಾರೆ. ಅಷ್ಟು ಜನಜಂಗುಳಿಯಲ್ಲಿ ಮರಿ ಸಿಗುವುದು ಹೇಗೆ? ಕೂಗಿನಿಂದ. ಸಮುದ್ರದಿಂದ ಬಂದ ತಾಯಿ ಕೂಗಿದರೆ ಅದರ ಮರಿ ದನಿ ಗುರುತಿಸಿ ಉತ್ತರ ಕೊಡುತ್ತದೆ.

ಈಗ ಹುಲ್ಲಿನ ವಿಷಯ. ಇದು ಅಂಟಾರ್ಕ್ಟಿಕಾ ಖಂಡ ಅಲ್ಲ. 54 ಡಿಗ್ರಿ ದಕ್ಷಿಣ ಅಕ್ಷಾಂಶದ ದ್ವೀಪ. ಸಮಭಾಜಕದಿಂದ ಉತ್ತರಕ್ಕೆ ಅಷ್ಟೇ ದೂರ ಹೋದರೆ ಉತ್ತರ ಇಂಗ್ಲೆಂಡ್ ಸಿಗುತ್ತದೆ! ಆದರೆ ಅಂಟಾರ್ಕ್ಟಿಕಾದ ತಣ್ಣನೆ ನೀರು ಈ ದ್ವೀಪವನ್ನು ಸುತ್ತುವರಿದಿದೆ. ಹಾಗಾಗಿ ಇಲ್ಲಿ ಒಂದು ಮರವೂ ಬೆಳೆಯುವುದಿಲ್ಲ, ಅರ್ಧಕ್ಕಿಂತ ಹೆಚ್ಚು ನೆಲ ಹಿಮದಡಿಯಲ್ಲಿದೆ. ದಡದಂಚಿನಲ್ಲಿ ಮಾತ್ರ ಟಸ್ಸಾಕ್ ಎಂಬ ಎತ್ತರದ ಹುಲ್ಲು ಗುಪ್ಪೆಗುಪ್ಪೆಯಾಗಿ ಬೆಳೆಯುತ್ತದೆ. ತಿಮಿಂಗಿಲ ಬೇಟೆಗೆ ಬಂದ ನಾರ್ವೆಯವರು 1911ರಲ್ಲಿ ಹಿಮಸಾರಂಗಗಳನ್ನು ತಂದುಬಿಟ್ಟಿದ್ದರು, ಅವು ಈ ಹುಲ್ಲನ್ನು ಬೋಳಿಸಿಬಿಟ್ಟವು. 2013ರಿಂದ ಅವುಗಳನ್ನು ತೆಗೆದಮೇಲೆ ಹುಲ್ಲು ಮತ್ತೆ ಚಿಗುರುತ್ತಿದೆ.

ಕೊಲ್ಲಿಯ ಹಿಂದಿನ ಹಿಮನದಿಗಳೂ ಹಿಂದೆ ಸರಿಯುತ್ತಿವೆ. ಅವುಗಳಿಂದ ಕರಗಿ ಬರುವ ನೀರಿನ ತೊರೆಗಳಲ್ಲಿ ಪುಕ್ಕ ಉದುರಿಸುವ ಪೆಂಗ್ವಿನ್‌ಗಳು ಮೈ ತಂಪು ಮಾಡಿಕೊಳ್ಳಲು ನಿಲ್ಲುವುದುಂಟು.

ಆ ಫೋಟೋ ಅಕ್ಟೋಬರ್‌ನದ್ದಾಗಿದ್ದರೆ ದಡವನ್ನು ಇನ್ನೊಮ್ಮೆ ನೋಡಿ. ಬಂಡೆ ಅಂದುಕೊಂಡಿದ್ದು, ಆ ಹೊತ್ತಿಗೆ ಮರಿ ಹಾಕಲು ದಡಕ್ಕೆ ಬರುವ ಆನೆ ಸೀಲ್ ಎಂಬ ದೊಡ್ಡ ಕಡಲ ಪ್ರಾಣಿ ಇರಬಹುದು. ಗಂಡು ನಾಲ್ಕು ಟನ್‌ವರೆಗೂ ತೂಗುತ್ತದೆ. ಹುಟ್ಟಿದಾಗ ಸುಮಾರು 40 ಕೆ.ಜಿ. ಇರುವ ಮರಿ ಮೂರೇ ವಾರಗಳಲ್ಲಿ ಅದರ ಮೂರು ಪಟ್ಟು ಆಗುತ್ತದೆ. ಆಮೇಲೆ ತಾಯಿ ಸುಮ್ನೆ ಎದ್ದು ಸಮುದ್ರಕ್ಕೆ ಹೋಗಿಬಿಡುತ್ತದೆ.