ಒಂದು ಆ್ಯಪ್‌ನಲ್ಲಿ ಬ್ಲಾಕ್ ಆದವನು ಇನ್ನೊಂದರಲ್ಲಿ ಮಕ್ಕಳ ಬೆನ್ನು ಹತ್ತಿದರೆ ಕಂಪನಿಗಳಿಗೆ ಗೊತ್ತಾಗುತ್ತಾ?

ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತದೆ. ಇಂಥವರು ಗೇಮ್‌ನಲ್ಲಿ ಪರಿಚಯ ಮಾಡಿಕೊಂಡು, ಆಮೇಲೆ ಬೇರೆ ಆ್ಯಪ್‌ಗೆ ಕರೆಯುವುದೇ ಜಾಸ್ತಿ, ಅಲ್ವಾ? ಅದಕ್ಕೇ ಟೆಕ್ ಕೊಯಲಿಷನ್ ಎಂಬ ಕಂಪನಿಗಳ ಕೂಟ 2023ರಲ್ಲಿ 'ಲ್ಯಾಂಟರ್ನ್' ಎಂಬ ಸುಳಿವು ಹಂಚಿಕೊಳ್ಳುವ ವ್ಯವಸ್ಥೆ ಶುರು ಮಾಡಿತು. ಮೆಟಾ, ಗೂಗಲ್, ಸ್ನ್ಯಾಪ್, ಡಿಸ್ಕಾರ್ಡ್, ರೋಬ್ಲಾಕ್ಸ್ ಮೊದಲಿಂದಲೂ ಇದರಲ್ಲಿವೆ. ನಿಯಮ ಮುರಿದ ಖಾತೆಯ ಇಮೇಲ್, ಯೂಸರ್‌ನೇಮ್‌ನಂಥ ಸುಳಿವನ್ನು ಒಂದು ಕಂಪನಿ ಹಂಚಿಕೊಂಡರೆ, ಉಳಿದವು ತಮ್ಮಲ್ಲಿ ಹುಡುಕುತ್ತವೆ. ನಮ್ಮ ಕೊಡಗಿನಲ್ಲಿ ಕಾಫಿ ತೋಟಕ್ಕೆ ಆನೆ ನುಗ್ಗಿದರೆ ಪಕ್ಕದ ತೋಟದವರಿಗೆ ಫೋನ್ ಮಾಡುತ್ತೇವಲ್ಲ, ಹೆಚ್ಚುಕಮ್ಮಿ ಹಾಗೆ. ಸುಳಿವು ಬಂತೆಂದು ಸುಮ್ನೆ ಖಾತೆ ಮುಚ್ಚುವುದಿಲ್ಲ. ಪ್ರತಿ ಕಂಪನಿಯೂ ತಾನೇ ಪರಿಶೀಲಿಸಬೇಕು. ಲ್ಯಾಂಟರ್ನ್‌ಗೆ ಸೇರದ ಆ್ಯಪ್‌ಗಳಿಗೆ ಈ ಸುದ್ದಿ ಮುಟ್ಟುವುದೇ ಇಲ್ಲ, ನನಗೆ ಕಾಣುವ ದೊಡ್ಡ ತೂತು ಇದೇ. ಅನುಮಾನ ಬಂದರೆ ಚಾಟ್ ಅಳಿಸಬೇಡಿ, ಮಗುವನ್ನು ಬೈಯಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.