ನನ್ನ ಆಸಕ್ತಿ ಅಂತ ಏನು ಬರೆಯಲಿ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಡಿಸೈನ್ ಎರಡನೇ ವರ್ಷ ಓದುತ್ತಿದ್ದೇನೆ. ಊರು ಇಳಕಲ್, ಮನೆಯಲ್ಲಿ ಕೈಮಗ್ಗ ಇದೆ. ಈ ಸಲ ಪ್ರಾಜೆಕ್ಟ್ ಶುರು ಮಾಡುವ ಮೊದಲು ‘ನಿಮ್ಮ ಆಸಕ್ತಿ ಏನು, ನಿಮಗೆ ಯಾವುದು ಮುಖ್ಯ’ ಅಂತ ಎರಡು ಪುಟ ಬರೆಯಬೇಕು. ಜೊತೆಯವರು ಅನಿಮೆ, ಗೇಮಿಂಗ್ ಅಂತೆಲ್ಲ ಬರೆದಿದ್ದಾರೆ. ನನಗೆ ಅಂಥ ಹವ್ಯಾಸವೇ ಇಲ್ಲ. ಮಗ್ಗ ಅಂದರೆ ಅದು ಮನೆ ಕಸುಬು ಅಷ್ಟೇ ಅಲ್ವಾ? ಮೌಲ್ಯದ ಜಾಗದಲ್ಲಿ ಎಲ್ಲರ ಹಾಗೆ ಪರಿಸರ ಕಾಳಜಿ ಅಂತ ಹಾಕಿದ್ದೇನೆ. ಆದರೆ ನಮ್ಮ ಸೀರೆಯಂಚಿನ ಹಳೇ ವಿನ್ಯಾಸವಾದ ಗೋಮಿ ದಡಿಯನ್ನು ಸುಮ್ನೆ ಪ್ರಿಂಟ್ ಹೊಡೆದು ಇಳಕಲ್ ಸೀರೆ ಅಂತ ಮಾರುವುದನ್ನು ಕಂಡರೆ ಮೈ ಉರಿಯುತ್ತದೆ.
– ಹೆಸರು ಬೇಡ, ಬೆಂಗಳೂರು

ಉತ್ತರ: ಆ ಕೊನೆಯ ಸಾಲಿದೆಯಲ್ಲ, ನಿಮ್ಮ ಎರಡು ಪುಟ ಅಲ್ಲಿಂದಲೇ ಶುರುವಾಗಲಿ. ಪರಿಸರ ಕಾಳಜಿ ಒಳ್ಳೆಯದೇ, ಆದರೆ ನೀವು ಅದನ್ನು ಬರೆದದ್ದು ಎಲ್ಲರೂ ಬರೆದರು ಅಂತ. ಪ್ರಿಂಟ್ ಸೀರೆ ಕಂಡಾಗ ಮೈ ಉರಿಯುವುದನ್ನು ನಿಮಗೆ ಯಾರೂ ಹೇಳಿಕೊಟ್ಟಿಲ್ಲ. ಯಾಕೆ ಉರಿಯುತ್ತದೆ? ನೇಯುವವರ ಕೂಲಿ ಹೋಯಿತು ಅಂತಲೋ, ಕೊಳ್ಳುವವರಿಗೆ ಸುಳ್ಳು ಹೇಳಿದರು ಅಂತಲೋ? ಎರಡೂ ಒಂದೇ ಅಲ್ಲ. ಸುಳ್ಳು ಕಾಡಿದರೆ, ಅಂಗಡಿಯಲ್ಲಿ ನಿಂತವರು ಮಗ್ಗದ ಸೀರೆಯನ್ನು ಗುರುತಿಸುವುದು ಹೇಗೆ ಅನ್ನುವುದೇ ನಿಮ್ಮ ಪ್ರಾಜೆಕ್ಟ್. ಕೂಲಿ ಕಾಡಿದರೆ ದಾರಿಯೇ ಬೇರೆ.

ಇನ್ನು ಆಸಕ್ತಿಯ ಮಾತು. 1958ರಲ್ಲಿ ಅಮೆರಿಕದ ಡಿಸೈನರ್‌ಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಡಿಸೈನ್ ಬಗ್ಗೆ ನಮ್ಮ ಸರ್ಕಾರಕ್ಕೆ ಒಂದು ವರದಿ ಕೊಟ್ಟರು, 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ) ಹುಟ್ಟಿದ್ದು ಅದರಿಂದಲೇ. ದೇಶ ಸುತ್ತಿ ನೋಡಿದ ವಸ್ತುಗಳಲ್ಲಿ ಅವರು ತುಂಬ ಮೆಚ್ಚಿದ್ದು ತಂಬಿಗೆಯನ್ನು! ಬರೀ ಹೊಗಳಿ ಬಿಡಲಿಲ್ಲ, ಕೇಳುತ್ತಾ ಹೋದರು. ಎಷ್ಟು ನೀರು ಹಿಡಿಯಬೇಕು, ಎತ್ತುವ ಕೈ ಎಷ್ಟು ದೊಡ್ಡದು, ತಲೆಯ ಮೇಲೆ ಹೊರುತ್ತಾರೋ ಸೊಂಟದ ಮೇಲೋ, ತುಂಬಿದಾಗ ಮತ್ತು ಖಾಲಿ ಇದ್ದಾಗ ಭಾರ ಎಲ್ಲಿ ಕೂರುತ್ತದೆ, ತೊಳೆಯುವುದು ಹೇಗೆ. ದಿನಾ ಕೈಗೆ ಸಿಗುವ ಒಂದು ತಂಬಿಗೆ, ಅಷ್ಟೊಂದು ಪ್ರಶ್ನೆ.

ನಿಮ್ಮ ಮಗ್ಗವನ್ನೂ ಹಾಗೆ ಕೇಳಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ (ಮಗ್ಗದ ಉದ್ದದ ಎಳೆಗಳು) ಸೆರಗಿನ ರೇಷ್ಮೆ ಹಾಸನ್ನೂ ಕುಣಿಕೆ ಹಾಕಿ ಸೇರಿಸುತ್ತಾರೆ, ಹಾಗಾಗಿ ಒಂದೊಂದು ಸೀರೆಗೂ ಬೇರೆ ಬೇರೆ ಹಾಸು ಹೂಡಬೇಕು. ನಿಮ್ಮ ಮನೆಯಲ್ಲಿ ಆ ಕುಣಿಕೆ ಹಾಕುವವರು ಯಾರು? ಎಷ್ಟು ಹೊತ್ತು ಬೇಕು? ಬೆಳಕು ಸಾಲುತ್ತದಾ, ಬೆನ್ನು ನೋಯುತ್ತದಾ? ಆ ಕೆಲಸಕ್ಕೆ ಬೇರೆ ಕೂಲಿ ಇದೆಯಾ, ಇಲ್ಲ ಸೀರೆಯ ಲೆಕ್ಕದಲ್ಲೇ ಸೇರಿಹೋಗುತ್ತದಾ?

ಇಳಕಲ್‌ನವರು ಅಂದಮೇಲೆ ಸೀರೆಯ ಮೇಲೆಯೇ ಕೆಲಸ ಮಾಡಬೇಕು ಅಂತ ಯಾರಾದರೂ ಒತ್ತಾಯಿಸಿದರೆ ಮಾತ್ರ ಒಪ್ಪಬೇಡಿ. ಈ ಭಾನುವಾರ ಮನೆಗೆ ಫೋನ್ ಮಾಡಿ, ಕುಣಿಕೆ ಹಾಕುವವರ ಹತ್ತಿರ ಅರ್ಧ ಗಂಟೆ ಮಾತಾಡಿ. ಹತ್ತೇ ನಿಮಿಷಕ್ಕೆ ಬೇಜಾರಾದರೆ ವಿಷಯ ಬದಲಿಸಿ. ಅರ್ಧ ಗಂಟೆ ಸಾಲದೆ ಹೋದರೆ ಊರಿನ ಬಸ್ಸು ಹತ್ತಿ.